ಜೀವನಾಂಶದ ಆದೇಶ ಇಪ್ಪತ್ತು ವರ್ಷ ಬಾಳಿಕೆ ಬರಬೇಕಾದರೆ

ತಿಂಗಳಿಗೆ 20,000 ರೂಪಾಯಿ ಜೀವನಾಂಶ ಎಂದು ಆದೇಶವಾದ ದಿನ ಅದು ಸಾಲುವ ಮೊತ್ತವೇ ಇರಬಹುದು. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರುತ್ತ ಹೋದರೆ 12 ವರ್ಷದ ಹೊತ್ತಿಗೆ ಅದೇ 20,000ಕ್ಕೆ ಇವತ್ತಿನ 10,000 ರೂಪಾಯಿಯ ಸಾಮಾನು ಮಾತ್ರ ಬರುತ್ತದೆ. ಮೂವತ್ತೈದರಲ್ಲಿ ವಿಚ್ಛೇದನವಾದವಳಿಗೆ ಆಗ ನಲವತ್ತೇಳು. ಔಷಧಿ ಅಂಗಡಿಯ ಖರ್ಚು ಶುರುವಾಗುವ ವಯಸ್ಸು. ಕೋರ್ಟಿನಲ್ಲಿ ಎಲ್ಲರ ಗಮನವೂ ಮೊತ್ತದ ಮೇಲೇ ಇರುತ್ತದೆ. ಆ ಮೊತ್ತ ಹೇಗೆ ಏರಬೇಕು, ನಿಂತುಹೋದರೆ ಎಲ್ಲಿಂದ ವಸೂಲಿ, ಕೊಡುವವನು ತೀರಿಕೊಂಡರೆ ಏನು ಗತಿ ಎಂಬುದು ಆದೇಶದಲ್ಲಿ ಬರೆದಿರುವುದೇ ಅಪರೂಪ. ಕೊಡುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಅಸ್ಪಷ್ಟವಾಗಿ ಬರೆದ ಆದೇಶ ಹತ್ತು ವರ್ಷವಾದ ಮೇಲೆ ಮತ್ತೆ ಕೋರ್ಟಿಗೆ ಎಳೆಯುತ್ತದೆ.

ಮೊದಲು ಯಾವ ಕಲಂ ಎಂದು ತೀರ್ಮಾನಿಸಿ

ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಎರಡು ಕಲಂಗಳಿವೆ. ಕೇಸು ನಡೆಯುತ್ತಿರುವಾಗಿನ ಮಧ್ಯಂತರ ಜೀವನಾಂಶ ಮತ್ತು ಕೋರ್ಟ್ ಖರ್ಚಿಗೆ ಕಲಂ 24. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ತೀರ್ಪಿನ ಆದೇಶ, ಆದ ಮೇಲಿನ ಶಾಶ್ವತ ಜೀವನಾಂಶಕ್ಕೆ ಕಲಂ 25. ಇವೆರಡನ್ನೂ ಹೆಂಡತಿಯಷ್ಟೇ ಅಲ್ಲ, ಆದಾಯವಿಲ್ಲದ ಗಂಡನೂ ಕೇಳಬಹುದು. ಕಲಂ 25ರ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ: ಡಿಕ್ರಿಯ ದಿನವೇ ಕೇಳಬೇಕೆಂದಿಲ್ಲ, ಆಮೇಲೆ ಯಾವಾಗ ಬೇಕಾದರೂ ಕೇಳಬಹುದು. ಏಕಪಕ್ಷೀಯವಾಗಿ ವಿಚ್ಛೇದನವಾಗಿ ಐದು ವರ್ಷ ಕಳೆದಿದ್ದರೂ ಡಿಕ್ರಿ ಕೊಟ್ಟ ಕೋರ್ಟಿಗೆ ಪ್ರತ್ಯೇಕ ಅರ್ಜಿ ಹಾಕಲು ಬರುತ್ತದೆ. ಕ್ರೌರ್ಯದ ಕಾರಣಕ್ಕೆ ಗಂಡನ ಪರವಾಗಿ ಡಿಕ್ರಿಯಾಗಿದೆ ಎಂದಮಾತ್ರಕ್ಕೆ ಜೀವನಾಂಶದ ಬಾಗಿಲು ಮುಚ್ಚುವುದಿಲ್ಲ; ನಡತೆ ಕೋರ್ಟು ತೂಗುವ ಅಂಶಗಳಲ್ಲಿ ಒಂದು, ಅಷ್ಟೇ. ಮದುವೆಯೇ ಅಸಿಂಧು ಎಂದು ಘೋಷಣೆಯಾದಾಗಲೂ ಕಲಂ 25ರಡಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ ಫೆಬ್ರವರಿ 2025ರಲ್ಲಿ ಹೇಳಿದೆ.

ಎರಡನೆಯ ದಾರಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 125. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144 ಬಂದಿದೆ. ಕೋರ್ಟಿನ ಪಡಸಾಲೆಯಲ್ಲಿ ಇಂದಿಗೂ "ನೂರಿಪ್ಪತ್ತೈದು ಹಾಕಿದ್ದೀವಿ" ಎಂದೇ ಹೇಳುತ್ತಾರೆ. ಇದಕ್ಕೆ ಜಾತಿ, ಧರ್ಮದ ಭೇದವಿಲ್ಲ. ಮರುಮದುವೆಯಾಗದ ವಿಚ್ಛೇದಿತೆಯೂ ಇಲ್ಲಿ "ಹೆಂಡತಿ" ಎಂದೇ ಲೆಕ್ಕ. ಪರಸ್ಪರ ಒಪ್ಪಿಗೆಯ ಮೇಲೆ ಬೇರೆಯಾಗಿದ್ದರೆ ಹಕ್ಕಿಲ್ಲ ಎಂಬ ನಿರ್ಬಂಧವನ್ನು ಒಪ್ಪಿಗೆಯಿಂದ ವಿಚ್ಛೇದನ ಪಡೆದವಳ ಮೇಲೆ ಹೇರಲಾಗದು ಎಂಬುದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ 1995ರಲ್ಲೇ ತೀರ್ಮಾನವಾಗಿದೆ. ತಾನಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು ಎಂಬುದು ಈ ದಾರಿಯ ದೊಡ್ಡ ಅನುಕೂಲ. ತವರಿಗೆ, ಹಾಸನಕ್ಕೆ ಬಂದವಳು ಬೆಳಗಾವಿಗೆ ಓಡಾಡಬೇಕಿಲ್ಲ.

ಮುಸ್ಲಿಂ ವಿಚ್ಛೇದಿತೆಗೆ 1986ರ ಕಾಯ್ದೆ ಇದೆ. ಇದ್ದತ್ (ತಲಾಖ್ ಆದ ಮೇಲೆ ಮರುಮದುವೆಗೆ ಮೊದಲು ಕಾಯಬೇಕಾದ) ಅವಧಿಯೊಳಗೆ ಕೊಡಬೇಕಾದ "ನ್ಯಾಯಯುತ ಏರ್ಪಾಡು" ಆಕೆಯ ಮುಂದಿನ ಬದುಕಿಗೂ ಸಾಕಾಗುವಂತಿರಬೇಕು ಎಂದು ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಅರ್ಥ ಮಾಡಿತು. ಅದಿದ್ದರೂ 125ರ ದಾರಿ ತೆರೆದೇ ಇದೆ ಎಂದು ಜುಲೈ 10, 2024ರ ತೀರ್ಪು ಸ್ಪಷ್ಟಪಡಿಸಿದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ ಕಲಂ 36 ಮತ್ತು 37, ರಿಜಿಸ್ಟರ್ ಮದುವೆಯವರಿಗೆ 1954ರ ವಿಶೇಷ ವಿವಾಹ ಕಾಯ್ದೆಯ ಕಲಂ 36 ಮತ್ತು 37.

ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ಜಿ ಹಾಕುವುದು ತಪ್ಪಲ್ಲ. ಹಿಂದಿನ ಆದೇಶವನ್ನು ಮುಚ್ಚಿಡುವುದು ತಪ್ಪು. ಒಂದು ಕೋರ್ಟು 8,000 ಕೊಡಿಸಿದ್ದರೆ ಎರಡನೆಯದು 15,000 ಎಂದಾಗ ಮೊದಲಿನದನ್ನು ಅದರಲ್ಲಿ ವಜಾ ಮಾಡಿಕೊಳ್ಳಲಾಗುತ್ತದೆ, ಅಂದರೆ ಕಳೆಯಲಾಗುತ್ತದೆ. ಹಾಗೆ ವಜಾ ಆಗುತ್ತದೋ, ಅದರ ಮೇಲೆ ಹೆಚ್ಚುವರಿಯೋ ಎಂಬುದನ್ನು ಎರಡನೆಯ ಆದೇಶದಲ್ಲೇ ಬರೆಸಿಕೊಳ್ಳಿ. ಬರೆಸದಿದ್ದರೆ ಅಮಲ್ಜಾರಿ (ಆದೇಶವನ್ನು ಜಾರಿ ಮಾಡಿಸುವ) ಹೊತ್ತಿನಲ್ಲಿ ಆರು ತಿಂಗಳು ಇದೊಂದೇ ವಾದ ನಡೆಯುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲದ ಮಹಿಳೆಯರು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಗೆ ಆದಾಯ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಆಸ್ತಿ ಮತ್ತು ಹೊಣೆಯ ಅಫಿಡವಿಟ್

ಕೇಸು ಗೆಲ್ಲುವುದು, ಸೋಲುವುದು ಬಹುಪಾಲು ಇಲ್ಲೇ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ನವೆಂಬರ್ 4, 2020ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಒಂದೇ ನಮೂನೆ ಕೊಟ್ಟಿತು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚಿನ ಅಫಿಡವಿಟ್ ಹಾಕಲೇಬೇಕು. ಸಂಬಳ, ವ್ಯಾಪಾರದವರಿಗೆ ಮೊದಲನೆಯ ಅನುಬಂಧ, ಬೇಸಾಯದವರಿಗೆ ಎರಡನೆಯದು. ಎದುರುದಾರ ನಾಲ್ಕು ವಾರದೊಳಗೆ ಉತ್ತರ ಮತ್ತು ಅಫಿಡವಿಟ್ ಹಾಕಬೇಕು, ಎರಡಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು, ಮಧ್ಯಂತರ ಅರ್ಜಿ ನಾಲ್ಕರಿಂದ ಆರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದೂ ಹೇಳಿದೆ. ಗಡುವು ಮೀರುತ್ತಿದ್ದರೆ ಆ ತೀರ್ಪಿನ ಸಂಬಂಧಪಟ್ಟ ಭಾಗವನ್ನು ಉದ್ಧರಿಸಿ ಒಂದು ಮೆಮೊ ಹಾಕುವುದು ಬಾಯಿಮಾತಿನ ಕೋರಿಕೆಗಿಂತ ಎಷ್ಟೋ ಪಾಲು ಮೇಲು.

ಕೇಳುವವರು ಮಾಡುವ ಮೊದಲ ತಪ್ಪು ಖರ್ಚನ್ನು ಉಬ್ಬಿಸುವುದು. ಒಟ್ಟಿಗಿದ್ದಾಗ ಮನೆಯ ಆದಾಯವೇ 50,000 ಇದ್ದು, ಈಗ ಒಬ್ಬಳ ಖರ್ಚು 60,000 ಎಂದು ಬರೆದರೆ ಪಾಟೀ ಸವಾಲಿನಲ್ಲಿ ಹತ್ತು ನಿಮಿಷದಲ್ಲಿ ಬಿದ್ದುಹೋಗುತ್ತದೆ, ಜೊತೆಗೆ ನಿಜವಾದ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಆರು ತಿಂಗಳ ಲೆಕ್ಕ ಇಡಿ: ಬಾಡಿಗೆ ಕರಾರು, ದಿನಸಿ, ಗ್ಯಾಸ್ ಸಿಲಿಂಡರ್, ಕರೆಂಟ್ ಬಿಲ್, ಬಸ್ ಪಾಸ್, ಔಷಧಿ ಚೀಟಿ, ಮಕ್ಕಳ ಶಾಲೆ ಮತ್ತು ಟ್ಯೂಷನ್ ರಸೀದಿ. ಯುಪಿಐ ಮೂಲಕ ಕೊಟ್ಟದ್ದೆಲ್ಲ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇದ್ದೇ ಇರುತ್ತದೆ; ಅದು ನಿಮಗೆ ಸಾಕ್ಷಿ, ಎದುರಿನವರಿಗೂ ಸಾಕ್ಷಿ. ಎರಡನೆಯ ತಪ್ಪು ಕೆಲಸ ಮುಚ್ಚಿಡುವುದು. ಮುಚ್ಚಿಡುವ ಅಗತ್ಯವೇ ಇಲ್ಲ. ದುಡಿಯುವ ಹೆಂಡತಿಗೆ ಜೀವನಾಂಶವಿಲ್ಲ ಎಂಬ ನಿಯಮ ಎಲ್ಲೂ ಇಲ್ಲ. ದುಡಿಯುವ ಸಾಮರ್ಥ್ಯ ಬೇರೆ, ನಿಜಕ್ಕೂ ದುಡಿಯುತ್ತಿರುವುದು ಬೇರೆ ಎಂಬ ಮಾತು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದ ಬಂದಿದೆ. ಆದರೆ 18,000 ಸಂಬಳ ಪಡೆಯುತ್ತ "ಆದಾಯವಿಲ್ಲ" ಎಂದು ಪ್ರಮಾಣ ಮಾಡಿದರೆ ಸುಳ್ಳು ಸಾಕ್ಷ್ಯದ ವಿಚಾರಣೆಗೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 379ರಡಿ ಅರ್ಜಿ ಎದುರಾಗುತ್ತದೆ. ಹಿಂದೆ ಅದು ಸಿಆರ್‌ಪಿಸಿ 340.

ಕೊಡುವವರ ಕಡೆಯ ಹಳೆಯ ಉಪಾಯ ಕೈಗೆ ಬರುವ ಸಂಬಳವನ್ನು ಕಡಿಮೆ ತೋರಿಸುವುದು. ಆದಾಯ ತೆರಿಗೆ, ವೃತ್ತಿ ತೆರಿಗೆ, ಕಡ್ಡಾಯ ಪಿಎಫ್ ಕಳೆಯಲು ಕೋರ್ಟು ಒಪ್ಪುತ್ತದೆ. ಸ್ವಇಚ್ಛೆಯಿಂದ ಹೆಚ್ಚಿಸಿದ ಪಿಎಫ್, ಕೇಸು ಶುರುವಾದ ಮೇಲೆ ತೆಗೆದ ಕಾರಿನ ಸಾಲ, ಸೊಸೈಟಿ ಚೀಟಿ ಇವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನೋಟಿಸು ಬಂದ ತಿಂಗಳೇ ರಾಜೀನಾಮೆ ಕೊಟ್ಟವರಿಗೆ ವಿದ್ಯಾರ್ಹತೆ ಮತ್ತು ಹಿಂದಿನ ಸಂಬಳ ನೋಡಿ ಆದಾಯ ಊಹಿಸಿ ಆದೇಶ ಮಾಡುತ್ತಾರೆ. ಮೈಯಲ್ಲಿ ಕಸುವಿದ್ದರೆ ಕೂಲಿ ಮಾಡಿಯಾದರೂ ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಹೇಳಿದೆ.

"ನನ್ನ ಹೆಸರಲ್ಲಿ ಏನೂ ಇಲ್ಲ, ಎಲ್ಲ ಅಪ್ಪನ ಹೆಸರಲ್ಲಿದೆ" ಎಂಬುದು ಹಳ್ಳಿ ಕಡೆಯ ಕೇಸುಗಳಲ್ಲಿ ಕೇಳಿಬರುವ ಮಾತು. ಇದನ್ನು ಒರೆಗೆ ಹಚ್ಚಲು ಮೂರು ದಾಖಲೆ ಸಾಕು. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ತಂತ್ರಾಂಶದಿಂದ ಪಹಣಿ, ಆ ಜಮೀನಿನ ಮ್ಯುಟೇಷನ್ ಇತಿಹಾಸ, ಮತ್ತು ಕಾವೇರಿ ಪೋರ್ಟಲ್‌ನಿಂದ ಋಣಭಾರ ಪತ್ರ. ಮದುವೆ ಮುರಿದ ವರ್ಷವೇ ಮಗನಿಂದ ತಾಯಿಗೆ ದಾನಪತ್ರವಾಗಿದ್ದರೆ ಋಣಭಾರ ಪತ್ರದಲ್ಲಿ ಕಾಣುತ್ತದೆ. ಪಿತ್ರಾರ್ಜಿತ ಜಮೀನಾದರೆ ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಅವನ ಭಾಗ ಲೆಕ್ಕಕ್ಕೆ ಬರುತ್ತದೆ. ಸಂಬಳದ ವಿವರಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕಾಯುವುದಕ್ಕಿಂತ, ಉದ್ಯೋಗದಾತ ಸಂಸ್ಥೆ ಮತ್ತು ಬ್ಯಾಂಕಿನಿಂದ ದಾಖಲೆ ತರಿಸುವಂತೆ ಕೋರ್ಟಿಗೇ ಅರ್ಜಿ ಕೊಡುವುದು ಚುರುಕಿನ ದಾರಿ.

ಮೊತ್ತ ಹೇಗೆ ನಿಗದಿಯಾಗುತ್ತದೆ

ಸಂಬಳದ ಶೇ. 25 ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಂಡನ ನಿವ್ವಳ ಸಂಬಳದ ಶೇ. 25 ನ್ಯಾಯಯುತ ಎಂದದ್ದು ನಿಜ, ಅದು ಆ ಪ್ರಕರಣದ ಮಟ್ಟಿಗೆ. ಕಾಯ್ದೆಯಲ್ಲಿ ಅಂಥ ಅಂಕಿ ಇಲ್ಲ. ಮಾತುಕತೆಯಲ್ಲಿ ಅದನ್ನು ಆರಂಭದ ಗೆರೆಯಾಗಿ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನ ಬೆಲೆ ಕೊಡಬೇಡಿ. ಇಬ್ಬರ ಅಂತಸ್ತು ಮತ್ತು ಬದುಕಿದ್ದ ರೀತಿ, ಮದುವೆ ಎಷ್ಟು ವರ್ಷ ನಡೆಯಿತು, ಹೆಂಡತಿ ಮನೆಗಾಗಿ ಬಿಟ್ಟ ಕೆಲಸ, ಮಕ್ಕಳ ಹೊಣೆ, ವಯಸ್ಸು ಮತ್ತು ಕಾಯಿಲೆ, ಗಂಡನ ಇತರ ಅವಲಂಬಿತರು, ಸಾಲ ಇವನ್ನೆಲ್ಲ ಕೋರ್ಟು ನೋಡುತ್ತದೆ. ದೀರ್ಘ ಮದುವೆಗಳಲ್ಲಿ ಬಿಟ್ಟ ಕೆಲಸದ ಅಂಶ ತೂಕದ್ದು, ವಾದಿಸುವವರು ಕಡಿಮೆ. 2008ರಲ್ಲಿ ಬಿಟ್ಟ ಶಾಲಾ ಶಿಕ್ಷಕಿ ಹುದ್ದೆಯ ನೇಮಕಾತಿ ಪತ್ರ, ಕೊನೆಯ ಸಂಬಳದ ಚೀಟಿ ಹುಡುಕಿ ತೆಗೆಯಿರಿ. ಈಗ ಅದೇ ಹುದ್ದೆಯವರ ಸಂಬಳ ಎಷ್ಟು ಎಂಬುದನ್ನು ಅದರ ಪಕ್ಕದಲ್ಲಿಡಿ.

ಯಾವ ದಿನದಿಂದ ಲೆಕ್ಕ? ಅರ್ಜಿ ಹಾಕಿದ ದಿನದಿಂದ ಎಂದು ರಜನೀಶ್ ತೀರ್ಪು ಹೇಳಿದೆ. ಆದೇಶದಲ್ಲಿ "ಆದೇಶದ ದಿನದಿಂದ" ಎಂದಿದ್ದರೆ ಅದನ್ನು ಹಾಗೇ ಬಿಡಬೇಡಿ. ಮೂರು ವರ್ಷ ನಡೆದ ಕೇಸಿನಲ್ಲಿ ತಿಂಗಳಿಗೆ 10,000 ಎಂದರೆ ಆ ಒಂದು ಪದಕ್ಕೆ 3,60,000 ರೂಪಾಯಿ ಬೆಲೆ. ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶದ ಮೇಲೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಡಿ ಹೈಕೋರ್ಟಿಗೆ ಹೋಗಲು 30 ದಿನ ಇರುತ್ತದೆ. ದೃಢೀಕೃತ ಪ್ರತಿಗೆ ತೀರ್ಪಿನ ದಿನವೇ ಅರ್ಜಿ ಕೊಡಿ.

ತಿಂಗಳ ಕಂತೋ, ಒಂದೇ ಗಂಟೋ

ಇದಕ್ಕೆ ಲೆಕ್ಕವೇ ಉತ್ತರ. ತಿಂಗಳಿಗೆ 20,000 ಎಂದರೆ ವರ್ಷಕ್ಕೆ 2.4 ಲಕ್ಷ. ಬ್ಯಾಂಕ್ ಠೇವಣಿಗೆ ಶೇ. 7 ಬಡ್ಡಿ ಎಂದಿಟ್ಟುಕೊಂಡರೆ, ಇಪ್ಪತ್ತು ವರ್ಷ ಏರಿಕೆಯಿಲ್ಲದೆ ಇಷ್ಟೇ ತೆಗೆಯುತ್ತ ಹೋಗಲು ಇವತ್ತು ಬೇಕಾದದ್ದು ಸುಮಾರು 25.4 ಲಕ್ಷ. ಅದೇ ಮೊತ್ತ ಪ್ರತಿ ವರ್ಷ ಶೇ. 6 ಏರುತ್ತ ಹೋಗಬೇಕಾದರೆ ಸುಮಾರು 41 ಲಕ್ಷ ಬೇಕು. ಮಧ್ಯಸ್ಥಿಕೆಯ ಮೇಜಿನ ಮೇಲೆ "ಇಪ್ಪತ್ತೈದು ಲಕ್ಷಕ್ಕೆ ಮುಗಿಸಿಬಿಡೋಣ" ಎಂಬ ಮಾತು ಬಂದಾಗ ಈ 16 ಲಕ್ಷದ ವ್ಯತ್ಯಾಸ ನಿಮ್ಮ ಕೈಯಲ್ಲಿನ ಚೀಟಿಯಲ್ಲಿರಬೇಕು. ಠೇವಣಿಯ ಬಡ್ಡಿಗೆ ತೆರಿಗೆಯೂ ಇದೆ ಎಂಬುದನ್ನು ಸೇರಿಸಿದರೆ ಬೇಕಾದ ಮೊತ್ತ ಇನ್ನೂ ಸ್ವಲ್ಪ ಮೇಲೆ.

ಕೊಡುವವನ ಆದಾಯ ಸ್ಥಿರ, ಸರ್ಕಾರಿ ನೌಕರಿ, ನಿವೃತ್ತಿಗೆ ಇನ್ನೂ ಹದಿನೈದು ವರ್ಷವಿದೆ ಎಂದರೆ ಏರಿಕೆಯಿರುವ ಮಾಸಿಕ ಕಂತು ಒಳ್ಳೆಯದು. ಸ್ವಂತ ವ್ಯಾಪಾರ, ಪದೇ ಪದೇ ಕೆಲಸ ಬದಲಾವಣೆ, ವಿದೇಶ ವಾಸ ಎಂದರೆ ಒಂದೇ ಗಂಟು, ಸ್ವಲ್ಪ ಕಡಿಮೆಯಾದರೂ ಸರಿ. ಅಮೆರಿಕದಲ್ಲಿರುವವರ ಮೇಲಿನ ಇಲ್ಲಿನ ಡಿಕ್ರಿಯನ್ನು ಅಲ್ಲಿ ನೇರವಾಗಿ ಜಾರಿ ಮಾಡಿಸುವ ಪರಸ್ಪರ ವ್ಯವಸ್ಥೆ ಇಲ್ಲ. ಸ್ಯಾನ್ ಹೋಸೆಯಲ್ಲಿ ಕುಳಿತವನಿಂದ ಪ್ರತಿ ತಿಂಗಳು ವಸೂಲಿ ಮಾಡುವುದಕ್ಕಿಂತ, ಅವನು ಮೈಸೂರಿನಲ್ಲಿ ಇಟ್ಟಿರುವ ಸೈಟಿನ ಮೇಲೆ ಹಕ್ಕು ಪಡೆಯುವುದು ಸುಲಭ.

ಸೈಟು, ಮನೆ ಕೊಡುವುದಾದರೆ ಡಿಕ್ರಿಗೆ ಮೊದಲೇ, ಗಂಡ ಹೆಂಡತಿ ಎಂಬ ಸಂಬಂಧ ಕಾಗದದಲ್ಲಿ ಇರುವಾಗಲೇ ದಾನಪತ್ರ ನೋಂದಣಿ ಮಾಡಿಸಿ. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಸ್ಟಾಂಪ್ ಶುಲ್ಕದ ರಿಯಾಯಿತಿ ಇದೆ, ವಿಚ್ಛೇದನವಾದ ಮೇಲೆ ಅವಳು ಆ ಕುಟುಂಬದವಳಲ್ಲ. ರಾಜಿ ಅರ್ಜಿಯಲ್ಲಿ "ಮನೆ ಅವಳಿಗೆ" ಎಂದು ಬರೆದು ಸುಮ್ಮನಾಗುವವರು ಬಹಳ. ನೋಂದಣಿಯಾಗಿ, ಖಾತೆ ಬದಲಾಗಿ, ಆ ಮನೆಯ ಮೇಲಿನ ಬ್ಯಾಂಕ್ ಸಾಲ ಯಾರು ತೀರಿಸಬೇಕೆಂದು ಬರೆದಾಗಲೇ ಅದು ಕೊಟ್ಟಂತೆ.

ರಾಜಿ ಅರ್ಜಿಯ ವಾಕ್ಯಗಳು

ಕಲಂ 13ಬಿ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಜೀವನಾಂಶದ ಷರತ್ತನ್ನು ನೀವೇ ಬರೆದುಕೊಳ್ಳುತ್ತೀರಿ. ಕೋರ್ಟು ತಾನಾಗಿ ಕೊಡದ ಅನುಕೂಲಗಳನ್ನು ಇಲ್ಲಿ ಹಾಕಿಸಿಕೊಳ್ಳಬಹುದು. ಸಾಮಾನ್ಯವಾಗಿ ಕಾಣುವ ವಾಕ್ಯ ಹೀಗಿರುತ್ತದೆ: "1ನೇ ಅರ್ಜಿದಾರರು 2ನೇ ಅರ್ಜಿದಾರರಿಗೆ ಮಾಸಿಕ 20,000 ರೂ. ಜೀವನಾಂಶ ನೀಡಲು ಒಪ್ಪಿರುತ್ತಾರೆ." ಇದು ಸಾಲದು. ಹೀಗೆ ಬರೆಸಿ:

"1ನೇ ಅರ್ಜಿದಾರರು ಪ್ರತಿ ತಿಂಗಳ 5ನೇ ತಾರೀಖಿನೊಳಗೆ 2ನೇ ಅರ್ಜಿದಾರರ ಬ್ಯಾಂಕ್ ಖಾತೆಗೆ 20,000 ರೂ. ಜಮಾ ಮಾಡತಕ್ಕದ್ದು. ಸದರಿ ಮೊತ್ತವು ಪ್ರತಿ ವರ್ಷ ಏಪ್ರಿಲ್ 1ರಿಂದ, ಹಿಂದಿನ ವರ್ಷ ಸಲ್ಲತಕ್ಕ ಮೊತ್ತದ ಮೇಲೆ ಶೇ. 6ರಷ್ಟು ಹೆಚ್ಚತಕ್ಕದ್ದು. ತಡವಾದ ಕಂತಿಗೆ ಸಲ್ಲಬೇಕಾದ ದಿನದಿಂದ ವಾರ್ಷಿಕ ಶೇ. 9 ಬಡ್ಡಿ ಸೇರತಕ್ಕದ್ದು."

"ಹಿಂದಿನ ವರ್ಷದ ಮೊತ್ತದ ಮೇಲೆ" ಎಂಬ ಪದಗಳನ್ನು ಬಿಟ್ಟರೆ ಅದು ಮೂಲ 20,000ದ ಮೇಲಿನ ಏರಿಕೆ ಎಂದು ಎದುರಿನವರು ವಾದಿಸುತ್ತಾರೆ. ಚಕ್ರಬಡ್ಡಿಯ ಲೆಕ್ಕದಲ್ಲಿ ಇಪ್ಪತ್ತು ವರ್ಷ ಕಳೆದಾಗ ಮಾಸಿಕ ಮೊತ್ತ ಸುಮಾರು 64,000. ಮೂಲದ ಮೇಲೆ ಏರಿಸಿದರೆ 44,000. ಮೇ 2025ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಮಾಸಿಕ 50,000 ಮತ್ತು ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಕೊಟ್ಟಿತು. ಏರಿಕೆಯನ್ನು ಆದೇಶದೊಳಗೇ ಸೇರಿಸಿದ್ದು ಉಪಯುಕ್ತ ಉದಾಹರಣೆ, ಕೋರ್ಟಿನಲ್ಲಿ ತೋರಿಸಿ. ಆದರೆ ಆ ದರ ಬೆಲೆಯೇರಿಕೆಯ ಜೊತೆ ಹೆಜ್ಜೆ ಹಾಕುವಂಥದ್ದಲ್ಲ, ಹಾಗಾಗಿ ರಾಜಿಯಲ್ಲಿ ಅದನ್ನೇ ನಕಲು ಮಾಡಬೇಡಿ.

ಮಕ್ಕಳ ಮೊತ್ತಕ್ಕೆ ಬೇರೆ ಕಂಡಿಕೆ ಇರಲಿ. ಎರಡನ್ನೂ ಬೆರೆಸಿ "ಒಟ್ಟು 30,000" ಎಂದು ಬರೆದರೆ ಮಗನಿಗೆ 18 ತುಂಬಿದ ದಿನ ಎಷ್ಟು ಕಡಿಮೆಯಾಗಬೇಕು ಎಂಬುದೇ ಹೊಸ ಜಗಳ. ಜೊತೆಗೆ ಮಕ್ಕಳ ಹಕ್ಕನ್ನು ತಾಯಿ ಬಿಟ್ಟುಕೊಟ್ಟರೂ ಅದು ಮಕ್ಕಳನ್ನು ಕಟ್ಟಿಹಾಕುವುದಿಲ್ಲ.

"ಮುಂದೆ ಯಾವುದೇ ಜೀವನಾಂಶ ಕೇಳುವುದಿಲ್ಲ" ಎಂಬ ವಾಕ್ಯವನ್ನು ಕೊಡುವವರು ತುಂಬ ನಂಬುತ್ತಾರೆ. 125ರ ಕೇಸಿನಲ್ಲಿ 8,000 ರೂಪಾಯಿ ಪಡೆದು ಮುಂದೆ ಕೇಳೆನೆಂದು ರಾಜಿ ಬರೆದುಕೊಟ್ಟ ಹೆಂಡತಿ ಆಮೇಲೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ದಾವೆ ಹಾಕಿದಾಗ, ಆ ರಾಜಿ ಅಡ್ಡಿಯಾಗದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಅದೂ ಕರ್ನಾಟಕದ ಪ್ರಕರಣವೇ. ಕೊಡುವವರು ಬಿಟ್ಟುಕೊಡುವ ವಾಕ್ಯಕ್ಕಿಂತ ಮೊತ್ತದ ನ್ಯಾಯವನ್ನು ಗಟ್ಟಿ ಮಾಡಿಕೊಳ್ಳಬೇಕು: ಇಬ್ಬರ ಆದಾಯ, ಆಸ್ತಿ ನಮೂದಾಗಿರಲಿ, ಮೊತ್ತ ಕಲಂ 25ರಡಿಯ ಶಾಶ್ವತ ಜೀವನಾಂಶವೆಂದು ಹೇಳಿರಲಿ, ಹಿಂದಿನ ಬಾಕಿ ಇದರಲ್ಲಿ ಸೇರಿದೆಯೋ ಇಲ್ಲವೋ ಬರೆದಿರಲಿ.

ಹಣ ಕೈ ಬದಲಾಗುವ ಹೊತ್ತಿನಲ್ಲಿ ಎರಡೂ ಕಡೆಗೆ ಅಪನಂಬಿಕೆ. ರೂಢಿಯಲ್ಲಿರುವ ಉಪಾಯ ಕಂತು. ಮೊದಲ ಅರ್ಜಿಯ ದಿನ ಒಂದು ಭಾಗ, ಎರಡನೆಯ ಹೇಳಿಕೆಯ ದಿನ ದೊಡ್ಡ ಭಾಗ, ಉಳಿದದ್ದು, ಕ್ರಿಮಿನಲ್ ಕೇಸು ಇದ್ದರೆ ಅದು ಹೈಕೋರ್ಟಿನಲ್ಲಿ ರದ್ದಾದ ದಿನ. ಡಿಡಿಯನ್ನು ನ್ಯಾಯಾಧೀಶರ ಎದುರಿಗೇ ಕೊಟ್ಟು ನಂಬರ್ ಆದೇಶದಲ್ಲಿ ಬರೆಸಿ. ಡಿಡಿಗೆ ಮೂರು ತಿಂಗಳ ಆಯಸ್ಸು. ವಾಯಿದೆ ಮುಂದೆ ಹೋದರೆ ತಾರೀಖು ನೋಡಿಕೊಳ್ಳಿ. ಮೊದಲ ಅರ್ಜಿಗೂ ಎರಡನೆಯ ಹೇಳಿಕೆಗೂ ನಡುವಿನ ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಲು 2017ರ ತೀರ್ಪಿನ ಆಧಾರದಲ್ಲಿ ಕೇಳಬಹುದು, ಆದರೆ ಜೀವನಾಂಶವೆಲ್ಲ ಇತ್ಯರ್ಥವಾಗಿದೆ ಎಂದು ತೋರಿಸಿದಾಗ ಮಾತ್ರ ಅದಕ್ಕೆ ಬೆಲೆ.

ಭದ್ರತೆ: ಎಲ್ಲರೂ ಮರೆಯುವ ಭಾಗ

ಮಾಸಿಕ ಕಂತು ಒಬ್ಬ ಮನುಷ್ಯನ ಆಯಸ್ಸಿಗೆ ತಗುಲಿಕೊಂಡಿರುತ್ತದೆ. ಅವನು ತೀರಿಕೊಂಡರೆ ವಿಚ್ಛೇದಿತೆಗೆ ಕುಟುಂಬ ಪಿಂಚಣಿಯೂ ಇಲ್ಲ, ವಾರಸಾ ಹಕ್ಕೂ ಇಲ್ಲ. ಆದ್ದರಿಂದ ಕಲಂ 25ರಲ್ಲೇ ಇರುವ ಅವಕಾಶ ಬಳಸಿ, ಗಂಡನ ನಿರ್ದಿಷ್ಟ ಸ್ಥಿರಾಸ್ತಿಯ ಮೇಲೆ ಜೀವನಾಂಶದ ಋಣಭಾರ ಹಾಕಿಸಿ. ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ ಆದೇಶದಲ್ಲಿ ಇರಬೇಕು. ಆದೇಶದ ಪ್ರತಿಯನ್ನು ಉಪನೋಂದಣಾಧಿಕಾರಿಗೆ ಕೊಟ್ಟು ಋಣಭಾರ ಪತ್ರದಲ್ಲಿ ಬರುವಂತೆ, ತಹಶೀಲ್ದಾರರಿಗೆ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ಬರುವಂತೆ ಮಾಡಿಸಿ. ಕೊಳ್ಳುವವನಿಗೆ ಗೊತ್ತಾಗುವಂತೆ ಇಲ್ಲದ ಋಣಭಾರ ಕಾಗದದ ಹುಲಿ. ಜಮೀನು ಮಾರಿದ ಮೇಲೆ "ನನಗೆ ತಿಳಿದಿರಲಿಲ್ಲ" ಎಂಬ ಕೊಂಡವನ ಮಾತನ್ನು ಮುರಿಯುವುದು ಕಷ್ಟ.

ಎರಡನೆಯದು ವಿಮೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಗಂಡ ತನ್ನ ಜೀವದ ಮೇಲೆ ಟರ್ಮ್ ಪಾಲಿಸಿ ಮಾಡಿಸಿದರೆ ಅದನ್ನು ಅವನ ಸಾಲಗಾರರು ಮುಟ್ಟುವಂತಿಲ್ಲ, ಅವನೊಬ್ಬನೇ ಫಲಾನುಭವಿಯನ್ನು ಬದಲಿಸುವಂತೆಯೂ ಇಲ್ಲ. ಡಿಕ್ರಿಗೆ ಮೊದಲು ಮಾಡಿಸಬೇಕು. ಫಲಾನುಭವಿಯ ಜಾಗದಲ್ಲಿ "ಹೆಂಡತಿ" ಎಂದು ಬಿಡದೆ ಹೆಸರು ಬರೆಯಬೇಕು. ಪ್ರೀಮಿಯಂ ಕಟ್ಟಿದ ರಸೀದಿಯನ್ನು ಪ್ರತಿ ವರ್ಷ ಕಳಿಸಬೇಕೆಂಬ ಷರತ್ತು ರಾಜಿಯಲ್ಲಿರಲಿ.

ಮೂರನೆಯದು ಆರೋಗ್ಯ ವಿಮೆ. ಗಂಡನ ಕಂಪನಿಯ ಗುಂಪು ವಿಮೆಯಿಂದ ವಿಚ್ಛೇದನದ ನಂತರ ಹೆಸರು ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರು ಕೇಸು ನಡೆಯುತ್ತಿರುವಾಗಲೇ ಸ್ವಂತ ಪಾಲಿಸಿ ತೆಗೆದುಕೊಂಡರೆ ಆ ಕಾಯುವ ಕಾಲ ಕೇಸಿನ ಜೊತೆಗೇ ಕಳೆದುಹೋಗುತ್ತದೆ. ಪ್ರೀಮಿಯಂ ಅನ್ನು ಅಫಿಡವಿಟ್‌ನ ಖರ್ಚಿನಲ್ಲಿ ತೋರಿಸಿ.

ಹಣ ನಿಂತಾಗ

125 ಅಥವಾ 144ರ ಆದೇಶವಾದರೆ ಒಂದು ಗಡುವು ನೆನಪಿರಲಿ. ಬಾಕಿಯ ಪ್ರತಿ ಕಂತಿಗೂ, ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಹಾಕಬೇಕು. "ಕೊಡ್ತಾನೆ, ಕಾಯೋಣ" ಎಂದು ಎರಡು ವರ್ಷ ಕಾದರೆ ಮೊದಲ ವರ್ಷದ ಬಾಕಿಗೆ ಈ ದಾರಿ ಮುಚ್ಚುತ್ತದೆ. ಹಕ್ಕು ಸಾಯುವುದಿಲ್ಲ, ಆದರೆ ಜೈಲಿನ ಭಯವಿರುವ ದಾರಿ ಸಾಯುತ್ತದೆ. ಅರ್ಜಿಯ ಮೇಲೆ ಮೊದಲು ನೋಟಿಸು, ಆಮೇಲೆ ನಮ್ಮ ಕೋರ್ಟುಗಳಲ್ಲಿ ಎಫ್‌ಎಲ್‌ಡಬ್ಲ್ಯೂ ಎನ್ನುವ ಜಪ್ತಿ ವಾರಂಟು, ಆಮೇಲೂ ಕೊಡದಿದ್ದರೆ ಸೆರೆ. ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಎಂದು ಕಲಂನಲ್ಲಿದ್ದರೂ, ಒಂದು ಅರ್ಜಿಗೆ ಒಂದೇ ತಿಂಗಳು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಓದಿಕೊಂಡಿದೆ. ಆದ್ದರಿಂದ ಹನ್ನೊಂದು ತಿಂಗಳ ಬಾಕಿ ಸೇರಿಸಿ ಒಂದು ಅರ್ಜಿ ಹಾಕುವುದಕ್ಕಿಂತ ಮೂರು ತಿಂಗಳಿಗೊಂದು ಅರ್ಜಿ ಪರಿಣಾಮಕಾರಿ. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ. ಸೆರೆ ವಸೂಲಿಯ ಸಾಧನವೇ ಹೊರತು ಸಾಲಕ್ಕೆ ಬದಲಿಯಲ್ಲ ಎಂದು 1988ರಲ್ಲೇ ತೀರ್ಮಾನವಾಗಿದೆ.

ವಾರಂಟು ಜಾರಿಯಾಗದೆ ಮರಳುವುದಕ್ಕೆ ಮುಖ್ಯ ಕಾರಣ ವಿಳಾಸ. ಈಗಿನ ಮನೆ, ಕೆಲಸದ ಜಾಗ, ಯಾವ ಪೊಲೀಸ್ ಠಾಣೆಯ ವ್ಯಾಪ್ತಿ ಎಂಬುದನ್ನು ಪ್ರತಿ ಅರ್ಜಿಯಲ್ಲೂ ಹೊಸದಾಗಿ ಕೊಡಿ.

ಕಲಂ 25ರ ಡಿಕ್ರಿಯಾದರೆ ಸಿವಿಲ್ ಅಮಲ್ಜಾರಿ, ಹನ್ನೆರಡು ವರ್ಷದ ಕಾಲಮಿತಿ. ಸಂಬಳ ಜಪ್ತಿ ಇಲ್ಲಿಯ ಒಳ್ಳೆಯ ಅಸ್ತ್ರ. ಸಾಮಾನ್ಯ ಸಾಲಕ್ಕೆ ಸಂಬಳದ ಸಣ್ಣ ಭಾಗವನ್ನಷ್ಟೇ ಜಪ್ತಿ ಮಾಡಬಹುದು. ಜೀವನಾಂಶದ ಡಿಕ್ರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60 ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ, ಅಂದರೆ ಮೂರನೇ ಎರಡು ಭಾಗದವರೆಗೆ ಕೈ ಹಾಕಬಹುದು. ಪಿಎಫ್ ಖಾತೆಯಲ್ಲಿರುವ ಹಣಕ್ಕೆ ಜಪ್ತಿಯಿಂದ ಕಾನೂನಿನ ರಕ್ಷಣೆ ಇದೆ, ಅದನ್ನು ನೆಚ್ಚಿಕೊಳ್ಳಬೇಡಿ.

ಕೊಡುವವರಿಗೆ ಒಂದೇ ಮಾತು: ಕೈಗೆ ನಗದು ಕೊಡಬೇಡಿ. ಅತ್ತೆಯ ಕೈಲಿ ಕೊಟ್ಟೆ, ಮಗನ ಫೀಸು ಕಟ್ಟಿದೆ ಎಂಬುದು ಜೀವನಾಂಶದ ಪಾವತಿಯಾಗುವುದಿಲ್ಲ. ಬ್ಯಾಂಕ್ ವರ್ಗಾವಣೆಯ ಷರಾದಲ್ಲಿ ತಿಂಗಳು ಮತ್ತು ಕೇಸಿನ ನಂಬರ್ ಹಾಕಿ.

ಏರಿಸುವುದು, ಇಳಿಸುವುದು, ನಿಲ್ಲಿಸುವುದು

ಶಾಶ್ವತ ಎಂಬ ಹೆಸರಿದ್ದರೂ ಮಾಸಿಕ ಜೀವನಾಂಶ ಬದಲಾಗಬಲ್ಲದ್ದು. ಕಲಂ 25(2) ಅಥವಾ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 146ರಡಿ "ಪರಿಸ್ಥಿತಿ ಬದಲಾಗಿದೆ" ಎಂದು ತೋರಿಸಬೇಕು. ಬೆಲೆಯೇರಿಕೆ, ಗಂಡನ ಬಡ್ತಿ, ವೇತನ ಆಯೋಗದ ಪರಿಷ್ಕರಣೆ, ಹೊಸ ಕಾಯಿಲೆ ಹೆಚ್ಚಳಕ್ಕೆ ಕಾರಣ. ನಿವೃತ್ತಿ, ನಿಜವಾದ ಕೆಲಸ ನಷ್ಟ, ಹೆಂಡತಿಗೆ ಒಳ್ಳೆಯ ಉದ್ಯೋಗ ಸಿಕ್ಕದ್ದು ಇಳಿಕೆಗೆ ಕಾರಣ. ಹಿಂದಿನ ಆದೇಶದ ದಿನ ಇದ್ದ ಅಂಕಿ ಮತ್ತು ಇಂದಿನ ಅಂಕಿಯನ್ನು ಎದುರುಬದುರು ಇಟ್ಟ ಒಂದು ಪುಟದ ಪಟ್ಟಿ ಹತ್ತು ಪುಟದ ಅಳಲಿಗಿಂತ ಕೆಲಸ ಮಾಡುತ್ತದೆ.

ಮಾಜಿ ಹೆಂಡತಿ ಮರುಮದುವೆಯಾದಳು ಎಂದು ತಿಳಿದ ಕೂಡಲೇ ಹಣ ನಿಲ್ಲಿಸಿಬಿಡುವುದು ಕೊಡುವವರ ದುಬಾರಿ ತಪ್ಪು. ಕಲಂ 25(3)ರಲ್ಲಿ ಮರುಮದುವೆ ಆದೇಶ ರದ್ದು ಕೇಳಲು ಕಾರಣ. ರದ್ದು ಮಾಡುವುದು ಕೋರ್ಟು. ಅರ್ಜಿ ಹಾಕದೆ ನಿಲ್ಲಿಸಿದರೆ ಕಾಗದದಲ್ಲಿ ಬಾಕಿ ಬೆಳೆಯುತ್ತಲೇ ಇರುತ್ತದೆ. ನಿವೃತ್ತಿಯೂ ಹಾಗೇ: ಕೊನೆಯ ಸಂಬಳಕ್ಕೆ ಮೂರು ತಿಂಗಳು ಮೊದಲೇ, ಪಿಂಚಣಿಯ ಅಂದಾಜು ಪತ್ರದ ಜೊತೆ ಅರ್ಜಿ ಹಾಕಿ. ಒಂದೇ ಗಂಟಾಗಿ ಕೊಟ್ಟು ಮುಗಿಸಿದ್ದನ್ನು ಮರುಮದುವೆಯ ಕಾರಣಕ್ಕೆ ವಾಪಸು ಪಡೆಯುವ ಆಸೆ ಇಟ್ಟುಕೊಳ್ಳಬೇಡಿ.

ತೆರಿಗೆಯ ವಿಷಯ ಚಿಕ್ಕದು. ಒಂದೇ ಗಂಟಾಗಿ ಬಂದ ಜೀವನಾಂಶ ಬಂಡವಾಳ ಸ್ವರೂಪದ್ದು, ತೆರಿಗೆಯಿಲ್ಲ. ಮಾಸಿಕ ಮೊತ್ತ ಆದಾಯ ಎಂಬ ನಿಲುವು 1983ರ ಬಾಂಬೆ ಹೈಕೋರ್ಟ್ ತೀರ್ಪಿನಿಂದ ಬಂದದ್ದು. ಕೊಡುವವರಿಗೆ ಎರಡರಲ್ಲೂ ತೆರಿಗೆ ವಿನಾಯಿತಿ ಇಲ್ಲ. ಗಂಟಿನ ಮೊತ್ತ ಖಾತೆಗೆ ಬಂದ ವರ್ಷ ತೆರಿಗೆ ಇಲಾಖೆ ಕೇಳಿದರೆ ತೋರಿಸಲು ಡಿಕ್ರಿ ಮತ್ತು ರಾಜಿ ಅರ್ಜಿಯ ದೃಢೀಕೃತ ಪ್ರತಿಗಳು ಬೇಕಾಗುತ್ತವೆ. ಮೂರು ಸೆಟ್ ತೆಗೆದಿಡಿ: ಒಂದು ಬ್ಯಾಂಕಿಗೆ, ಒಂದು ಉಪನೋಂದಣಾಧಿಕಾರಿಗೆ, ಒಂದು ಟ್ರಂಕಿನಲ್ಲಿ.